ಹಸುಗಳಿಗೆ ಗಿಡಮೂಲಿಕೆ ‘ಆ್ಯಂಟಿಆಕ್ಸಿಡೆಂಟ್’ ಪುಡಿ ಬೇಕಾ? ಕಾಫಿ ಸಿಪ್ಪೆ, ನುಗ್ಗೆ, ಅರಿಶಿನ ಸಾಕಾ?

ಬೇಲೂರು_ಕೊಟ್ಟಿಗೆ
ಎಲ್ರಿಗೂ ನಮಸ್ಕಾರ. ಗಿಡಮೂಲಿಕೆ ಆ್ಯಂಟಿಆಕ್ಸಿಡೆಂಟ್ ಅಂತ ಪುಡಿ ಮಾರೋರು ಹಳ್ಳಿ ಹಳ್ಳಿ ಸುತ್ತುತಾ ಇದ್ದಾರೆ. ದಿನಕ್ಕೆ 20 ಗ್ರಾಂ ಹಾಕಿದ್ರೆ ಕಸ (ಕರು ಹಾಕಿದ ಮೇಲೆ ಬೀಳೋ ಮಾಸು) ಸರಿಯಾಗಿ ಬೀಳುತ್ತೆ, ಕೆಚ್ಚಲು ಬಾವು ಬರಲ್ಲ, ಹಾಲಿನ ಫ್ಯಾಟ್ (ಕೊಬ್ಬು) ಏರುತ್ತೆ ಅಂತಾರೆ. ಡಬ್ಬದ ಮೇಲೆ ನುಗ್ಗೆ, ಅರಿಶಿನ, ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆ, ಗ್ರೀನ್ ಟೀ ಅಂತಿದೆ. ಯಾವುದು ಎಷ್ಟು ಅಂತ ಇಲ್ಲ.

ಲೆಕ್ಕಕ್ಕೆ ಇಟ್ಕೊಳ್ಳಿ: ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಮಿಶ್ರತಳಿ) ಹಸು, 450 ಕೆಜಿ ತೂಕ, 14 ಲೀಟರ್ ಹಾಲು. ದಿನಕ್ಕೆ 20 ಕೆಜಿ ನೇಪಿಯರ್ (ಹಸಿ ಮೇವಿನ ಹುಲ್ಲು), 5 ಕೆಜಿ ರಾಗಿಹುಲ್ಲು, 6 ಕೆಜಿ ಫೀಡ್. ಬೇಸಿಗೇಲಿ ನೇಪಿಯರ್ ಅರ್ಧಕ್ಕೆ ಇಳಿಯುತ್ತೆ. ಹಾಲು ಬಿಟ್ಟ (ಕರೆಯೋದು ನಿಲ್ಲಿಸಿದ ಗಬ್ಬದ) ಹಸುಗೆ ರಾಗಿಹುಲ್ಲೇ ಜಾಸ್ತಿ.

ಪುಡಿ ಬಿಟ್ಟು ಕಾಫಿ ಹಣ್ಣಿನ ಸಿಪ್ಪೆ, ನುಗ್ಗೆ ಸೊಪ್ಪು, ಅರಿಶಿನ ನಾವೇ ಹಾಕಿದ್ರೆ ಅದೇ ಕೆಲಸ ಆಗುತ್ತಾ? ಎಷ್ಟು ಹಾಕ್ಬೇಕು? ಏನು ಕೆಡುತ್ತೆ?

ಚನ್ರಾಯ್ಪಟ್ಣ_ಡೈರಿ
ಎಷ್ಟು ಅಂತ ಬರೆಯದ ಡಬ್ಬಕ್ಕೆ ದುಡ್ಡು ಕೊಡ್ಬೇಡಿ. ಅಷ್ಟೇ.

ಪಶುವೈದ್ಯ_ಹಾಸನ
ಒಂದೊಂದಾಗಿ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಆಕ್ಸಿಡೇಟಿವ್ ಒತ್ತಡ (ಮೈಯಲ್ಲಿ ಹುಟ್ಟೋ ಆಕ್ಸಿಜನ್ ಕಣಗಳು ಜೀವಕೋಶ ಕೆಡಿಸೋದು; ಅದನ್ನ ತಡೆಯೋದೇ ಆ್ಯಂಟಿಆಕ್ಸಿಡೆಂಟ್) ಅನ್ನೋದು ಸುಳ್ಳಲ್ಲ. ಕರು ಹಾಕೋ ಮುಂಚಿನ 3 ವಾರ, ಹಾಕಿದ ಮೇಲಿನ 3 ವಾರ ಹಸುವಿನ ಮೈಯಲ್ಲಿ ಕೊಬ್ಬು ಕರಗುತ್ತೆ, ಹಾಲು ಏರುತ್ತೆ, ಮೇವು ತಿನ್ನೋದು ಮಾತ್ರ ಕಮ್ಮಿ. ಆಗ ಬಿಳಿರಕ್ತಕಣಗಳ ಕಸುವು ಕುಗ್ಗುತ್ತೆ. ಕಸ ಕಳಚ್ಕೊಳ್ಳೋದಕ್ಕೂ ಕೆಚ್ಚಲು ಬಾವಿನ ಸೂಕ್ಷ್ಮಾಣು ಕೊಲ್ಲೋದಕ್ಕೂ ಇದೇ ಕಣಗಳು ಬೇಕು. ಇಲ್ಲಿ ಗಟ್ಟಿ ಪುರಾವೆ ಇರೋದು ವಿಟಮಿನ್ ಇ ಮತ್ತು ಸೆಲೆನಿಯಂಗೆ. ಮಿಕ್ಕಿದ್ದೆಲ್ಲ ಅದರ ಹಿಂದೆ ಸಾಲಲ್ಲಿ ನಿಂತಿವೆ.

ಈಗ ಲೆಕ್ಕ. ಅಮೆರಿಕದ ಎನ್‌ಆರ್‌ಸಿ (ರಾಷ್ಟ್ರೀಯ ಸಂಶೋಧನಾ ಮಂಡಳಿ) 2001ರ ಪಟ್ಟಿ ಪ್ರಕಾರ ಕೂಡಿಟ್ಟ ಮೇವು ತಿನ್ನೋ ಹಸುವಿಗೆ ವಿಟಮಿನ್ ಇ ಹಾಲು ಕೊಡುವಾಗ ಕೆಜಿ ತೂಕಕ್ಕೆ 0.8 ಯೂನಿಟ್, ಹಾಲು ಬಿಟ್ಟ ಕೊನೇ 60 ದಿನ 1.6 ಯೂನಿಟ್. 450 ಕೆಜಿಗೆ 360 ಮತ್ತು 720. ಎಳೆ ಹಸಿಮೇವಲ್ಲಿ ಒಂದು ಕೆಜಿ ಒಣಾಂಶಕ್ಕೆ (ನೀರು ಬಿಟ್ಟು ಉಳಿಯೋ ಭಾಗ) ಸುಮಾರು 80ರಿಂದ 200 ಯೂನಿಟ್ ಇರುತ್ತೆ. ನಿಮ್ಮ 20 ಕೆಜಿ ನೇಪಿಯರಲ್ಲಿ ಒಣಾಂಶ 4 ಕೆಜಿ. 100ರ ಲೆಕ್ಕ ಹಿಡಿದ್ರೂ 400 ಯೂನಿಟ್ ಬಂತು. ಅಂದ್ರೆ ಹಾಲು ಕೊಡೋ ಹಸು ಮಳೆಗಾಲದಲ್ಲಿ ಪುಡಿ ಇಲ್ದೇನೇ ಗೆದ್ದಿದೆ.

ಸೋಲೋದು ಯಾರು? ಹಾಲು ಬಿಟ್ಟ ತುಂಬುಗಬ್ಬದ ಹಸು. ಹೆಚ್ಚು ಬೇಕಾದ ಹೊತ್ತಲ್ಲೇ ಅದರ ಮುಂದೆ ಬರೀ ರಾಗಿಹುಲ್ಲು. ಒಣಗಿದ ಹುಲ್ಲಲ್ಲಿ ವಿಟಮಿನ್ ಇ ಬಹುಪಾಲು ಹೋಗಿರುತ್ತೆ, ಬಣವೆಯಲ್ಲಿ ಇಟ್ಟಷ್ಟೂ ಉಳಿದದ್ದೂ ಹೋಗುತ್ತೆ. ಮೊದಲು ಆ ಹಸುಗೆ ದಿನಾ 10–12 ಕೆಜಿ ಎಳೇ ಹಸಿಮೇವು ತಿರುಗಿಸಿ. ಅದು ಆಗ್ಲಿಲ್ಲ, ಇಲ್ಲಾ ಅದರಲ್ಲಿ 720 ತುಂಬಲಿಲ್ಲ ಅಂದ್ರೆ ವಿಟಮಿನ್ ಇ 50% ಪುಡಿ ತಗೊಳ್ಳಿ. ಗ್ರಾಂಗೆ 500 ಯೂನಿಟ್, ದಿನಕ್ಕೆ 2 ಗ್ರಾಂ ಹಾಕಿದ್ರೆ 1000 ಯೂನಿಟ್ ಆಯ್ತು.

ಸೆಲೆನಿಯಂ ಮೇವಿನ ಒಣಾಂಶಕ್ಕೆ 0.3 ಪಿಪಿಎಂ (ಕೆಜಿಗೆ 0.3 ಮಿಲಿಗ್ರಾಂ). ಹಾಲು ಬಿಟ್ಟ ಹಸು 10 ಕೆಜಿ ಒಣಾಂಶ ತಿಂದ್ರೆ ದಿನಕ್ಕೆ 3 ಮಿಲಿಗ್ರಾಂ. ಇದರಲ್ಲಿ ಬೇಕಾದ್ದಕ್ಕೂ ವಿಷಕ್ಕೂ ನಡುವಿನ ಅಂತರ ಬಹಳ ಕಮ್ಮಿ. ಮಿನರಲ್ ಮಿಕ್ಸ್ಚರಲ್ಲಿ ಒಂದು, ಇಂಜೆಕ್ಷನಲ್ಲಿ ಒಂದು, ಗಿಡಮೂಲಿಕೆ ಡಬ್ಬದಲ್ಲಿ ಇನ್ನೊಂದು ಅಂತ ಮೂರು ಕಡೆಯಿಂದ ಸುರೀಬೇಡಿ. ಲೇಬಲ್ ಮೂರನ್ನೂ ಕೂಡಿಸಿ ನೋಡಿ.

ಅರಸೀಕೆರೆ_ನುಗ್ಗೆ
ಡಾಕ್ಟ್ರೇ, ವಿಟಮಿನ್ ಇ ಬೇಕು ಅಂದ್ರೆ ನುಗ್ಗೆ ಸೊಪ್ಪಲ್ಲೇ ಇದ್ಯಲ್ಲ? ಜೊತೆಗೆ ಪ್ರೋಟೀನು 25% ಹತ್ರ ಹತ್ರ. ಒಂದೇ ಕಲ್ಲಿಗೆ ಎರಡು ಹಕ್ಕಿ. ಪಿಕೆಎಂ-1 ಅನ್ನೋ ನುಗ್ಗೆ ತಳಿಯ ಬೀಜ ಸಾಲಲ್ಲಿ ಒತ್ತೊತ್ತಾಗಿ ಹಾಕಿ, ಮೊದಲ ಕೊಯ್ಲು ಮೂರು ತಿಂಗಳಿಗೆ, ಆಮೇಲೆ 60 ದಿನಕ್ಕೊಂದು. ನೆಲದಿಂದ ಒಂದಡಿ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತೆ. ದಂಟು ಬೆರಳಿಗಿಂತ ದಪ್ಪ ಆಗೋ ಮುಂಚೆ ಕೊಯ್ಯಿ. ಹಸೀದಾಗೇ ಚಾಫ್ ಕಟರಿಗೆ ಹಾಕಿ 5ರಿಂದ 8 ಕೆಜಿ ಕೊಡ್ಬಹುದು, ಫೀಡಲ್ಲಿ ಒಂದು ಕೆಜಿ ಇಳಿಸಬಹುದು.

ಪುಡಿ ಮಾಡೋದಾದ್ರೆ ನೆರಳಲ್ಲೇ ಒಣಗಿಸಿ. ರಸ್ತೇಲಿ, ಟಾರ್ಪಾಲಲ್ಲಿ ಬಿಸಿಲಿಗೆ ಹರವಿದ್ರೆ ಬಣ್ಣ ಕಂದಾಗುತ್ತೆ. ಬಣ್ಣದ ಜೊತೆ ಕೆರೋಟಿನ್ನೂ ವಿಟಮಿನ್ ಇನೂ ಹೋಯ್ತು ಅಂತಲೇ ಲೆಕ್ಕ. 100 ಕೆಜಿ ಹಸಿ ಸೊಪ್ಪಿಗೆ 20–22 ಕೆಜಿ ಒಣ ಪುಡಿ ಸಿಗುತ್ತೆ. ಎಲೆ ಮುಷ್ಟೀಲಿ ಹಿಚುಕಿದ್ರೆ ಚುರುಚುರು ಅಂತ ಪುಡಿಯಾಗ್ಬೇಕು. ಬಾಗಿ ಮಡಚಿಕೊಂಡ್ರೆ ಇನ್ನೂ ತೇವ ಇದೆ, ಚೀಲದಲ್ಲಿ ಬಿಸಿಯೇರಿ ಬೂಷ್ಟು ಹಿಡಿಯುತ್ತೆ.

ಮೂಡಿಗೆರೆ_ಮಳೆ
ಅರಸೀಕೆರೆ ಅಣ್ಣ, ಇದೆಲ್ಲ ನಿಮ್ಮ ಕಡೆ ಸರಿ. ನಮ್ಮಲ್ಲಿ ಜುಲೈ ಮಳೇಲಿ ನುಗ್ಗೆ ಬೇರು ಕೊಳೆತು ಹೋಗುತ್ತೆ. ನೀರು ನಿಂತ್ರೆ ಆ ಗಿಡ ಮುಗೀತು. ನೆರಳಲ್ಲಿ ಒಣಗಿಸೋದಂತೂ ಬಿಡಿ, ಬಟ್ಟೇನೇ ಒಣಗಲ್ಲ.

ಮಲೆನಾಡಲ್ಲಿ ಹಾಲುವಾಣ ಇದ್ಯಲ್ಲ, ನೆರಳಿಗೆ ಅಂತ ತೋಟದ ತುಂಬಾ ಇರೋದು. ಮುಂಗಾರಿಗೆ ಮುಂಚೆ ಹೇಗೂ ಕಪಾತ್ (ಕೊಂಬೆ ಕಡಿಯೋದು) ಮಾಡ್ತೀವಿ. ಆ ಸೊಪ್ಪು ಹಸು, ಮೇಕೆ ಎರಡೂ ತಿಂತಾವೆ. ಗ್ಲಿರಿಸಿಡಿಯಾನೂ ಅಷ್ಟೇ, ಆದ್ರೆ ವಾಸನೆಗೆ ಮೊದಲು ಮೂತಿ ತಿರುಗಿಸ್ತಾವೆ. ಅರ್ಧ ದಿನ ಬಾಡಿಸಿ, ನೇಪಿಯರ್ ಜೊತೆ ಸೇರಿಸಿ ಹಾಕ್ಬೇಕು.

ಅರಸೀಕೆರೆ_ನುಗ್ಗೆ
ಒಪ್ಪಿದೆ ಅಕ್ಕಾ. ನುಗ್ಗೆ ಬಯಲುಸೀಮೆ ಗಿಡವೇ.

ಪಶುವೈದ್ಯ_ಹಾಸನ
ನುಗ್ಗೆ ಒಳ್ಳೆ ಮೇವು, ಅದರಲ್ಲಿ ಎರಡು ಮಾತಿಲ್ಲ. ಮೇವು ಅಂತ ಹಾಕಿ. 20 ಗ್ರಾಂ ಚಿಟಿಕೆ ಹಾಕಿ ಔಷಧಿ ಅಂದ್ಕೊಳ್ಳೋದು ಬೇಡ ಅಷ್ಟೇ. ಹಾಲು ಕರೆಯೋ 3 ಗಂಟೆ ಮುಂಚೆ ಅಥವಾ ಕರೆದ ಮೇಲೆ ಹಾಕಿ, ಇಲ್ಲಾಂದ್ರೆ ಹಾಲಿಗೆ ಸೊಪ್ಪಿನ ವಾಸನೆ ಬರಬಹುದು.

ನೆಲ್ಲಿಕಾಯಿ ಬಗ್ಗೆ ಒಂದು ಮಾತು. ಅದರ ಹೆಸರಿರೋದು ವಿಟಮಿನ್ ಸಿ ಇಂದ. ವಿಟಮಿನ್ ಸಿ ಹಸುವಿನ ದೊಡ್ಡಹೊಟ್ಟೆಗೆ ಬಿದ್ದ ಕೂಡ್ಲೇ ಅಲ್ಲಿನ ಸೂಕ್ಷ್ಮಾಣುಗಳು ಅದನ್ನ ಹಾಳುಮಾಡ್ತಾವೆ. ಹಸುಗೆ ಹೊರಗಿಂದ ಬೇಕಾಗೂ ಇಲ್ಲ, ಅದರ ಯಕೃತ್ತೇ ತಯಾರಿಸ್ಕೊಳ್ಳುತ್ತೆ. ಮನುಷ್ಯರಿಗೆ ಒಳ್ಳೇದು ಅಂತ ಹಸುಗೆ ಹಾಕೋ ಲೆಕ್ಕ ಇಲ್ಲೇ ತಪ್ಪೋದು. ನಮಗೆ ಒಂದು ಹೊಟ್ಟೆ. ಅದು ತಿಂದಿದ್ದು ಮೊದಲು ದೊಡ್ಡಹೊಟ್ಟೆಯ ಸೂಕ್ಷ್ಮಾಣುಗಳ ಪಾಲು, ಉಳಿದಿದ್ದು ಅದಕ್ಕೆ.

ಫೀಡ್_ಲೆಕ್ಕಿಗ
ಡಾಕ್ಟರ್ ಹೇಳಿದ್ದಕ್ಕೆ ಸೇರಿಸ್ತೀನಿ. 20 ಗ್ರಾಂ ಅರಿಶಿನದಲ್ಲಿ ಕರ್ಕ್ಯುಮಿನ್ 3ರಿಂದ 5% ಅಂದ್ರೆ ಹೆಚ್ಚೂಕಮ್ಮಿ ಅರ್ಧದಿಂದ ಒಂದು ಗ್ರಾಂ. ಅದು ನೀರಲ್ಲಿ ಕರಗಲ್ಲ, ಕರುಳಲ್ಲಿ ಹೀರೋದೂ ಬಹಳ ಕಮ್ಮಿ. 450 ಕೆಜಿ ಪ್ರಾಣೀಲಿ ಅದರಿಂದ ಏನು ನಿರೀಕ್ಷೆ ಮಾಡೋದು?

ಇನ್ನೊಂದು, ಅಂಗಡಿ ಅರಿಶಿನ ಪುಡಿಗೆ ಬಣ್ಣ ಬರಲಿ ಅಂತ ಲೆಡ್ ಕ್ರೋಮೇಟ್ ಬೆರೆಸೋ ಚಾಳಿ ಇದೆ. ದಿನಾ ಹಾಕಿದ್ರೆ ಸೀಸ ಹಸುವಿನ ಮೈಗೂ ಹೋಗುತ್ತೆ, ಹಾಲಿಗೂ ಬರುತ್ತೆ. ಹಾಕಲೇಬೇಕು ಅಂದ್ರೆ ಕೊಂಬು ತಂದು ಬೀಸಿಸಿ.

ಚನ್ರಾಯ್ಪಟ್ಣ_ಡೈರಿ
ಹಂಗಾದ್ರೆ ಕೆಚ್ಚಲು ಬಾವಿಗೆ ಲೋಳೆಸರ ಅರಿಶಿನ ಹಚ್ತಾರಲ್ಲ, ಅದೂ ಬುರುಡೆನಾ?

ಪಶುವೈದ್ಯ_ಹಾಸನ
ಅದು ಬೇರೆ ವಿಷ್ಯ. ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯ ಮತ್ತೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಎನ್‌ಡಿಡಿಬಿ ಹೇಳೋ ಲೇಪ ಅದು: ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ, ಕೆಚ್ಚಲು ತೊಳೆದು ಹಾಲೆಲ್ಲ ಹಿಂಡಿ ತೆಗೆದು, ತೆಳ್ಳಗೆ ಮಾಡ್ಕೊಂಡು ದಿನಕ್ಕೆ ಹಲವು ಸಲ ಬಳಿಯೋದು. ಹೊರಗಿಂದ ಹಚ್ಚೋದಕ್ಕೂ ಹೊಟ್ಟೆಗೆ ಹಾಕೋದಕ್ಕೂ ಸಂಬಂಧ ಇಲ್ಲ. ಹಾಲು ನೀರಾಗಿ ಜ್ವರ ಬಂದಿದ್ರೆ ಅದನ್ನೇ ನಂಬ್ಕೊಂಡು ಕೂರ್ಬೇಡಿ.

ಬೇಲೂರು_ಕೊಟ್ಟಿಗೆ
ಸಾರ್, ಕಾಫಿ ಸಿಪ್ಪೆ ವಿಷ್ಯಕ್ಕೆ ಬನ್ನಿ. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ) ಟೈಮಲ್ಲಿ ತೋಟದವರು ಪುಕ್ಕಟೆ ಕೊಡ್ತಾರೆ, ಲೋಡುಗಟ್ಲೆ. ಕ್ಲೋರೋಜೆನಿಕ್ ಆಸಿಡ್ ಜಾಸ್ತಿ ಇದೆ, ಒಳ್ಳೆ ಆ್ಯಂಟಿಆಕ್ಸಿಡೆಂಟ್ ಅಂತ ಎಲ್ಲ ಕಡೆ ಹೇಳ್ತಾರೆ.

ಸಕಲೇಶಪುರ_ತೋಟ
ಇದಕ್ಕೆ ಕಾಯ್ತಿದ್ದೆ. 100 ಕೆಜಿ ಹಣ್ಣು ಪಲ್ಪರಿಗೆ ಹಾಕಿದ್ರೆ ಸುಮಾರು 40 ಕೆಜಿ ಹಸಿ ಸಿಪ್ಪೆ. ಅದರಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರೇ. ಒಣಾಂಶದಲ್ಲಿ ಪ್ರೋಟೀನ್ 10–12% ಇರುತ್ತೆ, ಆದ್ರೆ ಅದರ ಒಂದು ಪಾಲು ಟ್ಯಾನಿನ್ನಿಗೆ (ಗಿಡದ ಒಗರಿನ ಅಂಶ) ಅಂಟ್ಕೊಂಡಿರುತ್ತೆ. ಕೆಫೀನ್ ಒಂದು ಪರ್ಸೆಂಟ್ ಆಸುಪಾಸು. ಆ ಕೆಫೀನೇ ತೊಂದರೆ ಕೊಡೋದು. ಜಾಸ್ತಿ ತಿಂದ ಹಸು ಪದೇ ಪದೇ ಗಂಜಲ ಹುಯ್ಯುತ್ತೆ, ಒಂದ್ಕಡೆ ನಿಲ್ಲಲ್ಲ, ಮೇವು ಬಿಡುತ್ತೆ. ಗಂಜಲದ ಜೊತೆ ನೈಟ್ರೋಜನ್ನೂ ಹೋಗುತ್ತೆ, ಅಂದ್ರೆ ನೀವು ಹಿಂಡೀಲಿ ಕೊಟ್ಟ ಪ್ರೋಟೀನು ಮೋರಿ ಪಾಲು.

ಹಸಿ ಸಿಪ್ಪೆ ಗುಡ್ಡೆ ಹಾಕಿ ಬಿಟ್ರೆ ಮಾರನೇ ದಿನಕ್ಕೆ ಹುಳಿ ವಾಸನೆ, ಮೂರನೇ ದಿನಕ್ಕೆ ಬಿಳಿ ಬೂಷ್ಟು. ಅದನ್ನ ಗೊಬ್ಬರದ ಗುಂಡಿಗೆ ಹಾಕಿ, ಹಸುಗೆ ಬೇಡ. ತಿನ್ನಿಸೋದೇ ಆದ್ರೆ ಪಲ್ಪಿಂಗ್ ಆದ ದಿನವೇ ಸೈಲೇಜ್ (ಗಾಳಿ ಆಡದ ಹಾಗೆ ಮುಚ್ಚಿ ಹುದುಗಿಸಿದ ಮೇವು) ಮಾಡ್ಬೇಕು:

ಸಿಪ್ಪೆಯನ್ನ ಇಳಿಜಾರು ಕಾಂಕ್ರೀಟಲ್ಲಿ ಕೆಲವು ಗಂಟೆ ಹಾಕಿ ನೀರು ಬಸಿಯಲು ಬಿಡಿ. 100 ಕೆಜಿ ಸಿಪ್ಪೆಗೆ ಕತ್ತರಿಸಿದ ರಾಗಿಹುಲ್ಲು 12 ಕೆಜಿ, ಕಾಕಂಬಿ 4 ಕೆಜಿ. ಕಾಕಂಬೀನ ಅಷ್ಟೇ ನೀರಲ್ಲಿ ಕದಡಿ ಪದರ ಪದರಕ್ಕೆ ಚಿಮುಕಿಸಿ. ಅರ್ಧ ಅಡಿಗೊಂದ್ಸಲ ತುಳೀಬೇಕು. ಮುಷ್ಟೀಲಿ ಬಿಗಿಯಾಗಿ ಹಿಡಿದು ಬಿಟ್ರೆ ಉಂಡೆ ನಿಧಾನಕ್ಕೆ ಬಿಚ್ಕೋಬೇಕು, ಬೆರಳ ಸಂದೀಲಿ ನೀರು ಇಳೀಬಾರ್ದು. ನೀರು ಇಳಿದ್ರೆ ಇನ್ನೂ ಹುಲ್ಲು ಸೇರಿಸಿ, ಇಲ್ಲಾಂದ್ರೆ ಕೊಳೆತ ಬೆಣ್ಣೆ ವಾಸನೆ ಬರುತ್ತೆ. ತಳದಲ್ಲಿ ಬಸಿಗಾಲುವೆ ಇರಲಿ, ಆ ನೀರು ಹಳ್ಳಕ್ಕೆ ಬಿಡ್ಬೇಡಿ, ಮೀನು ಸಾಯ್ತಾವೆ. ಪ್ಲಾಸ್ಟಿಕ್ ಮುಚ್ಚಿ ಮಣ್ಣು ಹೇರಿ 45 ದಿನ ಮುಟ್ಬೇಡಿ. ಬಸಿಯೋದ್ರಲ್ಲಿ ಹುದುಗೋದ್ರಲ್ಲಿ ಕೆಫೀನು ಒಂದಷ್ಟು ಇಳಿಯುತ್ತೆ, ಪೂರ್ತಿ ಹೋಗಲ್ಲ.

ಮೊದಲ ವಾರ ಒಂದು ಕೆಜಿ. ಆಮೇಲೆ ಏರಿಸ್ತಾ ಹೋಗಿ 5 ಕೆಜಿಗೆ ನಿಲ್ಲಿಸಿ. ಐದು ಕೆಜೀಲಿ ಸಿಪ್ಪೆಯ ಒಣಾಂಶ ಒಂದು ಕೆಜಿ ಬರುತ್ತೆ. ಒಟ್ಟು ಮೇವಿನ ಹತ್ತನೇ ಒಂದು ಭಾಗ ದಾಟಲ್ಲ.

ಫೀಡ್_ಲೆಕ್ಕಿಗ
ಚೆನ್ನಾಗಿ ಬರ್ದಿದ್ದೀರಿ ಗೌಡ್ರೇ. ಆದ್ರೆ ಇದು ಆ್ಯಂಟಿಆಕ್ಸಿಡೆಂಟ್ ಕೊಟ್ಟಂಗಾಗಲ್ಲ, ಅಗ್ಗದ ಮೇವು ಕೊಟ್ಟಂಗೆ. ಕ್ಲೋರೋಜೆನಿಕ್ ಆಸಿಡ್ ದೊಡ್ಡಹೊಟ್ಟೇಲೇ ಒಡೆದು ಚೂರಾಗುತ್ತೆ.

ಸಕಲೇಶಪುರ_ತೋಟ
ಮೇವು ಅಂತಲೇ ನಾನೂ ಹೇಳಿದ್ದು. ಹೆಸರು ಏನಾದ್ರೂ ಇಟ್ಕೊಳ್ಳಿ.

ಕಡೂರು_ಕುರಿಮಂದೆ
ಕುರಿಗೆ ಹಾಕೋರಿಗೆ ಒಂದು ಎಚ್ಚರಿಕೆ. ಅರೇಬಿಕಾ ತೋಟಕ್ಕೆ ತುಕ್ಕು ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೀತಾರೆ, ಮಳೆ ಮುಂಚೆ ಒಂದ್ಸಲ, ಮಳೆ ಹೋದ ಮೇಲೆ ಒಂದ್ಸಲ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಕೊನೇ ಸಿಂಪಡಣೆ ಉಳಿಕೆ ಹಣ್ಣಿನ ಸಿಪ್ಪೆ ಮೇಲೇ ಇರಬಹುದು. ಹಸು ಮೇವಲ್ಲಿ 40 ಪಿಪಿಎಂ ತಾಮ್ರ ತಡ್ಕೊಳ್ಳುತ್ತೆ, ಕುರಿ 15ಕ್ಕೇ ಕಷ್ಟ. ಕುರಿ ಮೈಯಿಂದ ತಾಮ್ರ ಆಚೆ ಹೋಗೋದು ಬಹಳ ನಿಧಾನ, ಯಕೃತ್ತಲ್ಲಿ ತಿಂಗಳುಗಟ್ಟಲೆ ಕೂಡಿಕೊಳ್ಳುತ್ತೆ. ಮೇಲ್ನೋಟಕ್ಕೆ ದಷ್ಟಪುಷ್ಟ. ಆಮೇಲೊಂದು ದಿನ ಸಾಗಾಣಿಕೆನೋ ಮಳೇಲಿ ನೆನೆದದ್ದೋ ನೆಪ, ಕಣ್ಣು ಹಳದಿ, ಗಂಜಲ ಕಾಫಿ ಡಿಕಾಕ್ಷನ್ ಬಣ್ಣ, ಎರಡು ದಿನಕ್ಕೆ ಸತ್ತಿರುತ್ತೆ.

ಕಡೂರು ಕಡೆ ಇದಕ್ಕಿಂತ ಜಾಸ್ತಿ ಆಗೋದು ಹಸುವಿನ ಮಿನರಲ್ ಮಿಕ್ಸ್ಚರನ್ನೇ ಕುರಿಗೂ ಹಾಕೋದ್ರಿಂದ. ಕುರಿಗೆ ತಾಮ್ರ ಸೇರಿಸದ ಮಿಕ್ಸ್ಚರೇ ತಗೊಳ್ಳಿ.

ಮೂಡಿಗೆರೆ_ಮಳೆ
ಚೆರಿ ಹೊಟ್ಟಿನ ಬಗ್ಗೆ ಯಾರೂ ಹೇಳ್ಲಿಲ್ಲ. ರೋಬಸ್ಟಾ ಕಣದಲ್ಲಿ ಒಣಗಿಸಿ ಹಲ್ಲಿಂಗ್ (ಒಣ ಸಿಪ್ಪೆ ತೆಗೆಸೋದು) ಮಾಡ್ಸಿದ ಮೇಲೆ ಸಿಗೋದು.

ಸಕಲೇಶಪುರ_ತೋಟ
ಅದು ಸಿಪ್ಪೆಗಿಂತ ಕಳಪೆ. ಪಾರ್ಚ್‌ಮೆಂಟ್ (ಬೀಜದ ಮೇಲಿನ ಗಟ್ಟಿ ಪೊರೆ) ಚೂರೆಲ್ಲ ಸೇರಿರುತ್ತೆ, ಬರೀ ನಾರು. ಮಣ್ಣಿನ ಕಣದಲ್ಲಿ ಒಣಗಿಸಿ ಒಂದೆರಡು ಮಳೆ ಬಿದ್ದಿದ್ರೆ ಬೂಷ್ಟಿನ ವಿಷ ಓಕ್ರಾಟಾಕ್ಸಿನ್ ಬೇರೆ. ದೊಡ್ಡ ಹಸುವಿನ ದೊಡ್ಡಹೊಟ್ಟೆ ಅದನ್ನ ಬಹುಮಟ್ಟಿಗೆ ಒಡೆಯುತ್ತೆ, ಕರುವಿಗೆ ಆ ಶಕ್ತಿ ಇಲ್ಲ. ಹೊಟ್ಟು ಕೊಟ್ಟಿಗೇಲಿ ಹಾಸಕ್ಕೆ ಹಾಕಿ.

ಕೊಪ್ಪ_ಅಡಿಕೆ
ಅಡಿಕೆ ಚೊಗರಲ್ಲಿ ಟ್ಯಾನಿನ್ ತುಂಬಾ ಇದ್ಯಲ್ಲ? ಟ್ಯಾನಿನ್ನೂ ಆ್ಯಂಟಿಆಕ್ಸಿಡೆಂಟೇ ತಾನೇ? ಒಂದು ಲೋಟ ಚೊಗರು ಬೂಸಾಕ್ಕೆ ಕಲಸಿದ್ರೆ?

ಪಶುವೈದ್ಯ_ಹಾಸನ
ಬೇಡ. ಖಂಡಿತಾ ಬೇಡ. ಅಡಿಕೆ ಬೇಯಿಸಿದ ನೀರಿಗೆ ಟ್ಯಾನಿನ್ ಅಷ್ಟೇ ಅಲ್ಲ, ಅಡಿಕೆಯ ಅಮಲಿನ ಅಂಶ ಅರೆಕೋಲಿನ್ ಕೂಡ ಇಳಿದಿರುತ್ತೆ. ಜೊಲ್ಲು ಸುರಿಸಿ, ಹೊಟ್ಟೆ ನುಲಿದು, ಭೇದಿ ಆಗುತ್ತೆ. ಚೊಗರು ಗಟ್ಟಿ ಎಷ್ಟಿದೆ ಅಂತ ಅಳೆಯೋರು ಯಾರು? ಅಡಿಕೆ ಹಾಳೆ ಹಾಕಿ, ಅದಕ್ಕೆ ತಕರಾರಿಲ್ಲ. ಕತ್ತರಿಸಿ ಹಾಕಿದ್ರೆ ಬತ್ತದ ಹುಲ್ಲಿನ ಜಾಗಕ್ಕೆ ಆಗುತ್ತೆ.

ಫೀಡ್_ಲೆಕ್ಕಿಗ
ಟ್ಯಾನಿನ್ ಅಂದ ಕೂಡ್ಲೇ ಒಳ್ಳೇದು ಅಂತಲೂ ಅಲ್ಲ, ವಿಷ ಅಂತಲೂ ಅಲ್ಲ, ಪ್ರಮಾಣದ ಮೇಲೆ ನಿಂತಿದೆ. ಮೇವಿನ ಒಣಾಂಶದಲ್ಲಿ 2–4% ಕಂಡೆನ್ಸ್ಡ್ ಟ್ಯಾನಿನ್ ಇದ್ರೆ ದೊಡ್ಡಹೊಟ್ಟೇಲಿ ಪ್ರೋಟೀನಿಗೆ ಅಂಟ್ಕೊಂಡು ಅದನ್ನ ಸೂಕ್ಷ್ಮಾಣುಗಳಿಂದ ಕಾಪಾಡುತ್ತೆ. ಮುಂದೆ ನಾಲ್ಕನೇ ಹೊಟ್ಟೆಯ ಹುಳೀಲಿ ಹಿಡಿತ ಬಿಟ್ಟು, ಪ್ರೋಟೀನು ಸಣ್ಣ ಕರುಳಿಗೆ ಸಿಗುತ್ತೆ. 5% ದಾಟಿದ್ರೆ ಕತೆ ತಿರುಗುತ್ತೆ. ಬಾಯಿ ಒಗರಾಗಿ ಮೇವು ಕಮ್ಮಿ ತಿನ್ನುತ್ತೆ, ನಾರು ಕರಗಲ್ಲ, ಸಗಣಿ ಗಟ್ಟಿ ಉಂಡೆಯಾಗಿ ಕಪ್ಪಗೆ ಬೀಳುತ್ತೆ, ಫ್ಯಾಟ್ ಬೀಳುತ್ತೆ. ಫ್ಯಾಟಲ್ಲಿ ದೊಡ್ಡ ಪಾಲು ಬರೋದು ನಾರು ಹುದುಗಿದಾಗ ಹುಟ್ಟೋ ಅಸಿಟೇಟಿಂದ.

ಬೆಂಗಳೂರು ಅಡುಗೋಡಿಯ ಎನ್‌ಐಎಎನ್‌ಪಿ (ಪಶು ಆಹಾರ ಸಂಶೋಧನೆ) ಸಂಸ್ಥೆಯವರು ಟ್ಯಾನಿನ್ ಇರೋ ಸಸ್ಯಗಳಿಂದ ‘ಹರಿತ್ ಧಾರಾ’ ಅಂತ ಮಾಡಿದ್ದಾರೆ. ಅದರ ಗುರಿ ಮೀಥೇನ್ ಇಳಿಸೋದು. ಅದೂ ಚಿಟಿಕೆ ಲೆಕ್ಕದಲ್ಲಿ ಹಾಕೋದಲ್ಲ, ಮೇವಿನ ಭಾಗವಾಗಿ ನೂರಾರು ಗ್ರಾಂ.

ಕಡೂರು_ಕುರಿಮಂದೆ
ಮೇಕೆ ಮಾತ್ರ ಹಲಸಿನ ಸೊಪ್ಪು, ಜಾಲಿ, ಹುಣಸೆ ಎಲ್ಲ ತಿಂದು ಜೀರ್ಣ ಮಾಡ್ಕೊಳ್ಳುತ್ತಲ್ಲ?

ಪಶುವೈದ್ಯ_ಹಾಸನ
ಹೌದು, ಮೇಕೆ ಜೊಲ್ಲಲ್ಲಿ ಟ್ಯಾನಿನ್ ಹಿಡಿಯೋ ಪ್ರೋಟೀನ್ ಇದೆ. ಹಸು, ಕುರಿಗೆ ಅಷ್ಟಿಲ್ಲ. ಮೇಕೆ ತಿಂತು ಅಂತ ಹಸುಗೆ ಹಾಕೋ ಹಾಗಿಲ್ಲ.

ಗಿಡಮೂಲಿಕೆ_ಗೆಳೆಯ
ಎಲ್ರೂ ಸೇರಿ ಗಿಡಮೂಲಿಕೆ ಅಂದ್ರೆ ದಂಡ ಅಂತ ತೀರ್ಮಾನ ಮಾಡ್ಬಿಟ್ರಾ? ದ್ರಾಕ್ಷಿ ಬೀಜದ ಸಾರ, ರೋಸ್ಮೆರಿ, ಗ್ರೀನ್ ಟೀ ಸಾರ ಎಲ್ಲ ಹೊರದೇಶದಲ್ಲಿ ಹಾಕ್ತಾರೆ. ಈಗ ಕೊಬ್ಬಿನ ಲೇಪ ಕೊಟ್ಟು ದೊಡ್ಡಹೊಟ್ಟೇಲಿ ಕರಗದ ಹಾಗೆ ಮಾಡಿದ್ದೂ ಇವೆ. ವಿಟಮಿನ್ ಇ ಕೊಬ್ಬಲ್ಲಿ ಕೆಲಸ ಮಾಡಿದ್ರೆ, ಪಾಲಿಫಿನಾಲ್ (ಗಿಡದ ಟ್ಯಾನಿನ್, ಕ್ಲೋರೋಜೆನಿಕ್ ಆಸಿಡ್ ಥರದ ಅಂಶಗಳು) ನೀರಿರೋ ಕಡೆ ಕೆಲಸ ಮಾಡುತ್ತೆ. ಎರಡೂ ಒಟ್ಟಿಗಿದ್ರೆ ವಿಟಮಿನ್ ಇ ಉಳಿತಾಯ ಆಗುತ್ತೆ.

ಫೀಡ್_ಲೆಕ್ಕಿಗ
ದಂಡ ಅಂತ ಯಾರೂ ಹೇಳ್ಲಿಲ್ಲ. ಲೇಪ ಕೊಟ್ಟ ಸಾರಕ್ಕೂ ಎಲೆ ಬೀಸಿದ ಪುಡಿಗೂ ಬೆಲೆಯಲ್ಲೂ ಕೆಲಸದಲ್ಲೂ ಅಜಗಜಾಂತರ. ಬೇಲೂರಿನವರು ಹೇಳಿದ ಡಬ್ಬದಲ್ಲಿ ಲೇಪ ಇದೆ ಅಂತ ಬರೆದಿದ್ಯಾ? ಗಿಡದ ಯಾವ ಭಾಗ, ಸಾರವೋ ಪುಡಿಯೋ, ಸಾರ ಆದ್ರೆ ಎಷ್ಟು ಕೆಜೀಲಿ ಒಂದು ಕೆಜಿ, ಮುಖ್ಯ ಅಂಶ ಎಷ್ಟು ಪರ್ಸೆಂಟ್, ತಯಾರಾದ ತಾರೀಖು. ಈ ಐದು ಇಲ್ಲದಿದ್ರೆ ಮಾತೇ ಇಲ್ಲ. ಸುಮ್ನೆ ಲೆಕ್ಕ ಹಾಕಿ: ಹಸು ದಿನಾ ತಿನ್ನೋ 13 ಕೆಜಿ ಒಣಾಂಶದಲ್ಲಿ ಪಾಲಿಫಿನಾಲ್ ಥರದ ಫಿನಾಲಿಕ್‌ಗಳು ಬರೀ 1% ಅಂದ್ರೂ 130 ಗ್ರಾಂ ಆಗ್ಲೇ ಹೊಟ್ಟೆಗೆ ಹೋಗ್ತಿದೆ. ಅದರ ಮೇಲೆ 20 ಗ್ರಾಂ ಮಿಶ್ರಣದ ಪುಡಿ.

ರೋಸ್ಮೆರಿ ಅಂದ್ರಲ್ಲ, ಅದನ್ನ ಜಾಸ್ತಿ ಹಾಕೋದು ಫೀಡಿನ ಎಣ್ಣೆ ಕೆಡದೇ ಇರಲಿ ಅಂತ. ಆ ಕೆಲಸಕ್ಕೆ ಮುಂಚೆ ಎಥಾಕ್ಸಿಕ್ವಿನ್ ಅನ್ನೋ ರಾಸಾಯನಿಕ ಹಾಕ್ತಿದ್ರು. ಯೂರೋಪಲ್ಲಿ 2017ರಲ್ಲಿ ಅದನ್ನ ತಡೆಹಿಡಿದ ಮೇಲೆ ಗಿಡಮೂಲಿಕೆ ಸಾರಗಳಿಗೆ ಬೇಡಿಕೆ ಬಂತು. ಫೀಡ್ ಕಾಪಾಡೋ ಆ್ಯಂಟಿಆಕ್ಸಿಡೆಂಟ್ ಬೇರೆ, ಹಸು ಕಾಪಾಡೋದು ಬೇರೆ. ಮಾರೋರು ಎರಡನ್ನೂ ಒಂದೇ ಬುಟ್ಟಿಗೆ ಹಾಕ್ತಾರೆ.

ಗಿಡಮೂಲಿಕೆ_ಗೆಳೆಯ
ಲೇಬಲ್ ವಿಚಾರ ಒಪ್ಪಿದೆ. ಬೆಳ್ಳುಳ್ಳಿ, ಲವಂಗದ ಎಣ್ಣೆಗಳಾದ್ರೂ ಕಮ್ಮಿ ಪ್ರಮಾಣದಲ್ಲೇ ಕೆಲಸ ಮಾಡ್ತಾವೆ ಅನ್ನೋದು ನನ್ನ ವಾದ.

ಪಶುವೈದ್ಯ_ಹಾಸನ
ಮಾಡ್ತಾವೆ, ಆದ್ರೆ ಅವು ಸೂಕ್ಷ್ಮಾಣು ಕೊಲ್ಲೋ ಎಣ್ಣೆಗಳು. ಸ್ವಲ್ಪ ಜಾಸ್ತಿ ಆದ್ರೆ ನಾರು ಕರಗಿಸೋ ಒಳ್ಳೇ ಸೂಕ್ಷ್ಮಾಣುಗಳಿಗೂ ಅದೇ ಗತಿ, ಮೆಲುಕು ನಿಲ್ಲುತ್ತೆ. ಬೆಳ್ಳುಳ್ಳಿ ವಾಸನೆ ಹಾಲಿಗೂ ಇಳಿಯುತ್ತೆ, ಡೈರೀಲಿ ವಾಪಸ್ ಕಳಿಸ್ತಾರೆ.

ಚನ್ರಾಯ್ಪಟ್ಣ_ಡೈರಿ
ಹಾಲಿನ ವಾಸನೆ ಅಂದ್ರೆ ನೆನಪಾಯ್ತು. ಬೇಸಿಗೇಲಿ ಕೆಲವು ಹಸುಗಳ ಹಾಲು ಕರೆದು ಇಟ್ಟ ಮೇಲೆ ರಟ್ಟಿನ ವಾಸನೆ ಬರುತ್ತಲ್ಲ, ಅದು ಏನು?

ಫೀಡ್_ಲೆಕ್ಕಿಗ
ಅದೇ ಹಾಲಿನ ಕೊಬ್ಬು ಆಕ್ಸಿಡೈಸ್ ಆಗೋದು. ಹಸಿಮೇವು ನಿಂತಾಗ ಹಾಲಲ್ಲಿ ವಿಟಮಿನ್ ಇ ಇಳಿಯುತ್ತೆ, ಆಗ ಬರುತ್ತೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆ, ತಾಮ್ರ ಅಥವಾ ಕಬ್ಬಿಣ ಇರೋ ಬೋರ್‌ವೆಲ್ ನೀರಲ್ಲಿ ತೊಳೆದ ಕ್ಯಾನು, ಬಿಸಿಲಲ್ಲಿ ಇಟ್ಟ ಹಾಲು ಮೂರೂ ಅದನ್ನ ಹೆಚ್ಚಿಸ್ತಾವೆ. ಸ್ಟೀಲ್ ಕ್ಯಾನ್, ನೆರಳು, ಹಸಿಮೇವು. ಪುಡಿ ಬೇಡ.

ತೌಡು ಹಾಕೋರೂ ಕೇಳಿಸ್ಕೊಳ್ಳಿ. ಎಣ್ಣೆ ತೆಗೆಯದ ಅಕ್ಕಿ ತೌಡಲ್ಲಿ ಲೈಪೇಸ್ ಕಿಣ್ವ ಇರುತ್ತೆ, ಗಿರಣಿಯಿಂದ ಬಂದ ದಿನದಿಂದಲೇ ಕೆಡಕ್ಕೆ ಶುರು. ಮಲೆನಾಡಿನ ಮಳೆಗಾಲದಲ್ಲಿ ಎರಡು ವಾರ ಇಟ್ರೆ ಗಂಟಲು ಕೆರೆಯೋ ಕಮಟು. ಆ ತೌಡು ಹೊಟ್ಟೆಗೆ ಹೋಗಿ ಇರೋ ವಿಟಮಿನ್ ಇನೂ ತಿಂದು ಹಾಕುತ್ತೆ. ವಾರಕ್ಕಾಗೋಷ್ಟೇ ತನ್ನಿ, ಇಲ್ಲಾ ಎಣ್ಣೆ ತೆಗೆದ ತೌಡು ತನ್ನಿ.

ಮೂಡಿಗೆರೆ_ಮಳೆ
ಬೂಷ್ಟು ಹಿಡಿದ ಕಡ್ಲೆಕಾಯಿ ಹಿಂಡಿಗೆ ಈ ಪುಡಿ ಸೇರಿಸಿದ್ರೆ ಸರಿಹೋಗುತ್ತೆ ಅಂತ ಒಬ್ರು ಹೇಳ್ತಿದ್ರು.

ಪಶುವೈದ್ಯ_ಹಾಸನ
ಹೋಗಲ್ಲ ಮೇಡಂ. ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಹಾಗೇ ಇರುತ್ತೆ, ಹಾಲಿಗೆ ಎಂ1 ಅನ್ನೋ ರೂಪದಲ್ಲಿ ಬರುತ್ತೆ. ನಮ್ಮಲ್ಲಿ ಹಾಲಿಗೆ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಹಿಂಡಿ ಎಸೀಬೇಕು. ಮಳೇಲಿ ನೆನೆದ ರಾಗಿಹುಲ್ಲಿನ ಹೊರೆಯೂ ಅಷ್ಟೇ. ಹೊರೆ ಬಿಚ್ಚಿದಾಗ ಬೂದು ಧೂಳು ಹಾರಿ, ಮೂಗಿಗೆ ಹಳೇ ನೆಲಮಾಳಿಗೆ ವಾಸನೆ ಬಂದ್ರೆ ತುಂಬುಗಬ್ಬದ ಹಸು ಮುಂದೆ ಇಡ್ಬೇಡಿ.

ಬೇಲೂರು_ಕೊಟ್ಟಿಗೆ
ತುಂಬಾ ಉಪಯೋಗ ಆಯ್ತು. ಕಸದ ಬಗ್ಗೆ ಇನ್ನೊಂದು ಪ್ರಶ್ನೆ. ವಿಟಮಿನ್ ಇ ಹಾಕಿದ್ರೆ ಕಸ ಬಿದ್ದೇ ಬೀಳುತ್ತೆ ಅಂತ ಹೇಳ್ಬಹುದಾ?

ಪಶುವೈದ್ಯ_ಹಾಸನ
ಇಲ್ಲ. ಅವಳಿ ಕರು, ಅವಧಿಗೆ ಮುಂಚೆ ಹೆರಿಗೆ, ಎಳೆದು ತೆಗೆದ ಕರು, ಕ್ಯಾಲ್ಸಿಯಂ ಕೊರತೆ, ಬ್ರೂಸೆಲ್ಲಾ (ಕಂದು ಹಾಕಿಸೋ ಸೋಂಕು), ಇವೆಲ್ಲದರಲ್ಲೂ ಕಸ ನಿಲ್ಲುತ್ತೆ. ಏಳೆಂಟು ತಿಂಗಳಿಗೆ ಕಂದು ಹಾಕಿ ಕಸ ನಿಂತ್ರೆ ಮೊದಲು ಬ್ರೂಸೆಲ್ಲಾ ಪರೀಕ್ಷೆ. ಅದು ಮನುಷ್ಯರಿಗೂ ಬರೋ ರೋಗ, ಬರಿಗೈಲಿ ಮುಟ್ಬೇಡಿ. ಹೆಣ್ಣುಕರುವಿಗೆ 4–8 ತಿಂಗಳಲ್ಲಿ ಲಸಿಕೆ ಹಾಕಿಸಿ. ಕಸಕ್ಕೆ ಕಲ್ಲು ಕಟ್ಟೋದು, ಕೈ ಹಾಕಿ ಕೀಳೋದು ಮಾಡ್ಬೇಡಿ, ಗರ್ಭಕೋಶ ಹರಿದು ಕೀವಾಗುತ್ತೆ.

ವಿಟಮಿನ್ ಇ ಕೆಲಸ ಮಾಡ್ತಾ ಇದ್ಯಾ ಇಲ್ವಾ ಅಂತ ನೋಡೋಕೆ ಆರು ಹಸುವಿನ ಕೊಟ್ಟಿಗೇಲಿ ಕಸ ಎಣಿಸಿ ಪ್ರಯೋಜನ ಇಲ್ಲ, ಸಂಖ್ಯೆ ಸಾಲದು. ಸಿಎಂಟಿ (ಕೆಚ್ಚಲು ಬಾವು ಪತ್ತೆಹಚ್ಚೋ) ದ್ರಾವಣ ಇಟ್ಕೊಳ್ಳಿ. ನಾಲ್ಕು ಬಟ್ಟಲಲ್ಲಿ ನಾಲ್ಕು ಮೊಲೆ ಹಾಲು, ಅಷ್ಟೇ ದ್ರಾವಣ, 10 ಸೆಕೆಂಡ್ ಸುತ್ತಿಸಿ. ಲೋಳೆ ಕಟ್ಟಿದ್ರೆ ಆ ಮೊಲೆಯಲ್ಲಿ ಬಾವು ಶುರು. ಎರಡು ವಾರಕ್ಕೊಮ್ಮೆ ಮಾಡಿ ಪುಸ್ತಕದಲ್ಲಿ ಬರೀರಿ. ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡಿ. ಜೂನಲ್ಲಿ ಹೊಸ ಪುಡಿ ಶುರುಮಾಡಿ ಹಾಲು ಏರ್ತು ಅನ್ನೋರು, ಜೂನಲ್ಲಿ ಹಸಿರು ಹುಲ್ಲೂ ಬಂತು ಅನ್ನೋದನ್ನ ಮರೀತಾರೆ.

ಬೇಲೂರು_ಕೊಟ್ಟಿಗೆ
ಸರಿ ಸಾರ್. ಕೊನೇದು, 2 ಗ್ರಾಂ ಪುಡಿ ದಿನಾ ಅಳೆಯೋದು ಹೇಗೆ? ಅಷ್ಟು ಸಣ್ಣ ತಕ್ಕಡಿ ಎಲ್ಲಿ ತರೋದು?

ಫೀಡ್_ಲೆಕ್ಕಿಗ
ತಿಂಗಳಿಗಾಗೋಷ್ಟು ಒಟ್ಟಿಗೆ ಕಲಸಿ. ಒಂದು ಹಸುಗೆ 60 ಗ್ರಾಂ ವಿಟಮಿನ್ ಇ 50%, ಗೋಧಿ ಬೂಸಾ 2 ಕೆಜಿ 940 ಗ್ರಾಂ. ಎಲ್ಲ ಒಂದೇ ಸಲ ಸುರಿದ್ರೆ ಒಂದ್ಕಡೆ ಗುಡ್ಡೆ ಆಗುತ್ತೆ. ಮೊದಲು 60 ಗ್ರಾಂಗೆ ಒಂದು ಹಿಡಿ ಬೂಸಾ ಹಾಕಿ ಉಜ್ಜಿ, ಅದಕ್ಕೆ ಅಷ್ಟೇ ಬೂಸಾ, ಮತ್ತೆ ಅಷ್ಟೇ, ಹಾಗೆ ದುಪ್ಪಟ್ಟು ಮಾಡ್ಕೊಂಡು ಹೋಗಿ. ಒಟ್ಟು 3 ಕೆಜಿ ಆಯ್ತು, ದಿನಕ್ಕೆ 100 ಗ್ರಾಂ. ನೂರು ಗ್ರಾಂ ಎಷ್ಟು ಅಂತ ಒಂದ್ಸಲ ಅಂಗಡೀಲಿ ತೂಗಿ ಲೋಟಕ್ಕೆ ಗೆರೆ ಹಾಕ್ಕೊಳ್ಳಿ.

ಕೊಳ್ಳುವಾಗ ‘ಆಲ್ಫಾ ಟೋಕೋಫೆರಿಲ್ ಅಸಿಟೇಟ್’ ಅಂತ ಇರಲಿ, ಅದು ಬೇಗ ಕೆಡಲ್ಲ. ಮಿನರಲ್ ಮಿಕ್ಸ್ಚರ್ ಚೀಲಕ್ಕೇ ಬೆರೆಸಿ ತಿಂಗಳುಗಟ್ಟಲೆ ಇಡ್ಬೇಡಿ. ಅದರ ತಾಮ್ರ, ಕಬ್ಬಿಣ ವಿಟಮಿನ್ನನ್ನ ಚೀಲದಲ್ಲೇ ನಿಧಾನಕ್ಕೆ ಕೆಡಿಸಬಹುದು. ಎರಡನ್ನೂ ತೊಟ್ಟಿಗೆ ಹಾಕುವಾಗ ಸೇರಿಸಿ.

ಕೊಪ್ಪ_ಅಡಿಕೆ
ಗೋಧಿ ಬೂಸಾ ಬದಲು ತೌಡಲ್ಲಿ ಕಲಸಬಹುದಾ?

ಫೀಡ್_ಲೆಕ್ಕಿಗ
ಎಣ್ಣೆ ತೆಗೆದ ತೌಡಾದ್ರೆ ಸರಿ. ಎಣ್ಣೆ ಇರೋ ತೌಡಲ್ಲಿ ಬೇಡ, ಕಾರಣ ಮೇಲೇ ಬರ್ದಿದ್ದೀನಿ.